ಹನ್ನೊಂದು ಬಾಣ, ಒಬ್ಬ ಬಾಣಪ್ಪ

ಪಟ್ಟಿ ಬರೆಯುವವರಲ್ಲಿ ನಾನಾ ಬಗೆ. ಒಂದು, ಎರಡು, ಮೂರು ಎಂದು ಅಂಕಿ ಹಾಕುವವರು ಶಿಸ್ತಿನವರು, ಚಪ್ಪಲಿಯನ್ನು ಗೋಡೆಗೆ ಸಮನಾಗಿ ಬಿಡುವವರು. ಚುಕ್ಕೆ ಇಡುವವರು ತಮ್ಮ ಪಾಡಿಗೆ ತಾವಿರುವವರು. ಅಡ್ಡಗೀಟು ಎಳೆಯುವವರು ಅವಸರದವರು. ಅವರ ಅಂಗಿಯ ಒಂದು ಗುಂಡಿ ಸದಾ ತಪ್ಪಿದ ಕಾಜಾದಲ್ಲಿ ಸಿಕ್ಕಿಕೊಂಡಿರುತ್ತದೆ. ಬಾಣ ಹಾಕುವವರು ಮಾತ್ರ ಲಕ್ಷಕ್ಕೊಬ್ಬರು. ಆ ಒಬ್ಬರು ಕೊಡೆ ಕಾರ್ಖಾನೆಯ ಕಚೇರಿಯಲ್ಲಿ, ಕಿಟಕಿಯಿಂದ ಎರಡನೆಯ ಮೇಜಿನ ಹಿಂದೆ, ಇಪ್ಪತ್ತೆರಡು ವರ್ಷಗಳಿಂದ ಟೈಪಿಸ್ಟರಾಗಿ ವಿರಾಜಮಾನರಾಗಿದ್ದರು. ಕಾರ್ಖಾನೆಯವರು ಅವರನ್ನು ಬಾಣಪ್ಪ ಎನ್ನುತ್ತಿದ್ದರು. ಬೆನ್ನ ಹಿಂದೆ ಹುಟ್ಟಿದ ಹೆಸರು ಮೆಲ್ಲಗೆ ಪಕ್ಕಕ್ಕೆ ಬಂದು, ಆಮೇಲೆ ಮುಖದೆದುರಿಗೇ ಬಂದು, ಕೊನೆಗೆ ಹಾಜರಿ ಪುಸ್ತಕದೊಳಗೂ ಕಾಲು ಚಾಚಿ ಕೂತಿತ್ತು.

ಟೈಪ್‌ರೈಟರ್ ಕಾಲದಲ್ಲೇ ಅವರಿಗೆ ಬಾಣದ ಹುಚ್ಚು ಹಿಡಿದಿತ್ತು. ಎರಡು ಅಡ್ಡಗೀಟು ಹೊಡೆದು, ಕಾಗದವನ್ನು ಕೂದಲೆಳೆಯಷ್ಟು ಉರುಳಿಸಿ, ಗೀಟಿನ ತುದಿಗೆ ಒಂದು ಆವರಣದ ಗುರುತನ್ನು ಕೂರಿಸಿದರೆ ಬಾಣದಂಥದ್ದೊಂದು ಏಳುತ್ತಿತ್ತು. ದೂರದಿಂದ ನೋಡಿದರೆ ಅದು ಬಾಯಿ ತೆರೆದ ಮೀನಿನ ಹಾಗೂ ಕಾಣುತ್ತಿತ್ತೆಂದು ಶತ್ರುಗಳ ಅಂಬೋಣ. ಮುಂದೆ ಕಚೇರಿಗೆ ಕಂಪ್ಯೂಟರ್ ಬಂತು. ಉಳಿದವರು ಕಣ್ಣೀರಿಟ್ಟರು. ಬಾಣಪ್ಪನವರು ಮಾತ್ರ ಮೂರನೆಯ ದಿನ, ಯಾವುದೋ ಗುಂಡಿ ಒತ್ತಲು ಹೋಗಿ ಇನ್ನಾವುದನ್ನೋ ಒತ್ತಿ, ಚಿಹ್ನೆಗಳ ಪೆಟ್ಟಿಗೆಯ ಬಾಗಿಲು ತೆರೆದುಬಿಟ್ಟರು. ಅದು ಪೆಟ್ಟಿಗೆಯಲ್ಲ, ಬತ್ತಳಿಕೆ! ಸಪೂರ ಬಾಣ, ದಪ್ಪ ಬಾಣ, ರೆಕ್ಕೆಯ ಬಾಣ, ಬಾಗಿದ ಬಾಣ, ಒಳಗೆ ಟೊಳ್ಳಾದ ಬಾಣ. ಹದಿನೈದು ದಿನ ಒಂದೊಂದನ್ನೂ ಹೂಡಿ ನೋಡಿ, ಕೊನೆಗೆ ಏಳನೆಯ ಸಾಲಿನ ನಾಲ್ಕನೆಯ ಮನೆಯಲ್ಲಿದ್ದ, ಗಿಡುಗದ ಕೊಕ್ಕಿನಂಥ ಒಂದನ್ನು ಅವರು ಕೈಹಿಡಿದರು. ➤ ಇದೇ ಅದು. ಅಂದಿನಿಂದ ಕಾರ್ಖಾನೆಯ ಯಾವ ಪಟ್ಟಿಯೂ ಈ ಬಾಣವಿಲ್ಲದೆ ಹೊರಬಿದ್ದಿಲ್ಲ. ರಜೆಯ ಪಟ್ಟಿ, ಕ್ಯಾಂಟೀನಿನ ಪಟ್ಟಿ, ಕೈತೊಳೆಯುವ ವಿಧಾನ, ಬೆಂಕಿ ಬಿದ್ದರೆ ಓಡುವ ವಿಧಾನ, ಎಲ್ಲಕ್ಕೂ ಬಾಣ.

ಮನೆಯಲ್ಲೂ ಅಷ್ಟೆ. ಅವರ ಹೆಂಡತಿ ಇಂದಿಗೂ ಟ್ರಂಕಿನ ತಳದಲ್ಲಿ ಇಟ್ಟುಕೊಂಡಿರುವ ಅವರ ಮೊದಲ ಪ್ರೇಮಪತ್ರ ಹೀಗಿದೆ: ➤ ನಿಮ್ಮ ಕಣ್ಣು ➤ ನಿಮ್ಮ ನಗು ➤ ನಿಮ್ಮ ತಂದೆಯವರ ಮಂಡಿನೋವು ಈಗ ಹೇಗಿದೆ. ಆ ಬಾಣಗಳು ಮಾತ್ರ ಕೈಯಲ್ಲಿ, ಕೆಂಪು ಶಾಯಿಯಲ್ಲಿ ಬರೆದವು. ಗಾಯವಾದದ್ದೇನೋ ನಿಜ ಎಂದು ಆಕೆ ಒಪ್ಪುತ್ತಾರೆ. ಯಾವ ಬಾಣದಿಂದ ಎಂದು ಮಾತ್ರ ಹೇಳುವುದಿಲ್ಲ.

ಇಷ್ಟು ಧಾರಾಳವಾಗಿ ಬಾಣ ಬಿಡುತ್ತಿದ್ದವರು ಅದನ್ನು ಬಿಡುವ ವಿದ್ಯೆಯಲ್ಲಿ ಮಾತ್ರ ಕಡು ಜಿಪುಣರು. ನೆಲಮಾಳಿಗೆಯ ಸ್ಟೋರ್‌ಕೀಪರ್ ಒಂಬತ್ತು ವರ್ಷಗಳಿಂದ ಹಿಂದೆ ಬಿದ್ದಿದ್ದ. ತನ್ನ ಕಂಪ್ಯೂಟರಿನಲ್ಲಿ ಕೊಡೆಯ ಕಡ್ಡಿ, ಹಿಡಿಕೆ, ಬಟ್ಟೆಗಳ ಪಟ್ಟಿ ಮಾಡುವಾಗ ಅವನಿಗೆ ಸಿಗುತ್ತಿದ್ದುದು ಬರೀ ಚುಕ್ಕೆ. ಬಾಣ ಎಲ್ಲಿ ಸಿಗುತ್ತದೆಂದು ಅವನು ಕೇಳಿದಾಗಲೆಲ್ಲ ಬಾಣಪ್ಪನವರು ಕನ್ನಡಕ ಒರೆಸಿಕೊಂಡು, ಅದು ಸಿಗುವಂಥದ್ದಲ್ಲ, ಒಳಗಿನಿಂದ ಬರಬೇಕಾದದ್ದು ಎನ್ನುತ್ತಿದ್ದರು. ಯಾರಾದರೂ ಬೆನ್ನ ಹಿಂದೆ ಬಂದು ನಿಂತರೆ ಎರಡು ಕೈಗಳಿಂದ ಕೀಲಿಮಣೆಯನ್ನು ಕೋಳಿ ಮೊಟ್ಟೆ ಕಾಯುವಂತೆ ಮುಚ್ಚಿಕೊಳ್ಳುತ್ತಿದ್ದರು.

ಇಂಥ ಮಹಾನುಭಾವರಿಗೆ ಕಂಟಕ ಬಂದದ್ದು ಸೂರಿನಿಂದ. ಕೊಡೆ ಕಾರ್ಖಾನೆಯ ಸೂರು ಸೋರುತ್ತಿತ್ತು. ಎಲ್ಲಿ ಸೋರಿದರೂ ಸಹಿಸಬಹುದು. ಅದು ಸೋರುತ್ತಿದ್ದುದು ನೇರವಾಗಿ ಬಾಣಪ್ಪನವರ ನೆತ್ತಿಯ ಮೇಲೆ. ರಿಪೇರಿ ಮಾಡಿಸಿ ಎಂದು ಅವರು ಮೂರು ಸಲ ಕೇಳಿದರು. ಮೂರನೆಯ ಸಲ ಮ್ಯಾನೇಜರ್ ಪತ್ರಿಕೆಯಿಂದ ತಲೆ ಎತ್ತದೆ, “ಅಲ್ರೀ, ನಾವು ತಯಾರು ಮಾಡೋದೇ ಕೊಡೆ. ಇಲ್ಲೇ ಸೂರು ಭದ್ರವಾಗಿದ್ರೆ ನಮ್ಮ ಮಾಲಿಗೆ ಏನು ಮರ್ಯಾದೆ?” ಎಂದರು. ಬಾಣಪ್ಪನವರು ಹಾಗಾದರೆ ಒಂದು ಕೊಡೆಯನ್ನಾದರೂ ಕೊಡಿ ಎಂದರು. ಮಾರಾಟದ ಮಾಲನ್ನು ಬಿಚ್ಚುವಂತಿಲ್ಲ ಎಂದು ಉತ್ತರ ಬಂತು.

ಅಂದೇ ಊಟದ ವಿರಾಮದಲ್ಲಿ, ಕಚೇರಿ ಖಾಲಿಯಾಗಿದ್ದಾಗ, ಒದ್ದೆ ತಲೆಯ ಬಾಣಪ್ಪನವರು ಹನ್ನೊಂದು ದೂರುಗಳ ಒಂದು ಕಾಗದ ಬರೆದರು. ಹೆಸರಿಲ್ಲ, ರುಜುವಿಲ್ಲ. ಕಾರ್ಖಾನೆಯ ಒಡತಿ ಬೇರೆ ಊರಿನಲ್ಲಿದ್ದ ಮುದುಕಿ. ಎಲ್ಲರೂ ಆಕೆಯನ್ನು ಅಮ್ಮಾವ್ರು ಎನ್ನುತ್ತಿದ್ದರು. ಕಾಗದ ಅವರಿಗೆ. ಸೂರಿನ ಸೋರಿಕೆ, ಫ್ಯಾನಿನ ಗಾಳಿಯೆಲ್ಲ ಮ್ಯಾನೇಜರ್ ಕಡೆಗೇ ತಿರುಗಿರುವುದು, ನೌಕರರ ಪಾಯಿಖಾನೆಯಲ್ಲಿ ಹಳೆಯ ಕೊಡೆಗಳನ್ನು ತುಂಬಿ ಬೀಗ ಹಾಕಿರುವುದು, ಪತ್ರಿಕೆಯ ಪದಬಂಧವನ್ನು ಮ್ಯಾನೇಜರ್ ಎಲ್ಲರಿಗಿಂತ ಮೊದಲು ಪೆನ್ನಿನಲ್ಲಿ ತುಂಬಿಬಿಡುವುದು, ಯಾವುದೂ ಉಳಿಯಲಿಲ್ಲ. ಸಿಕ್ಕಿಬೀಳದಂತೆ ಅವರು ತೆಗೆದುಕೊಂಡ ಎಚ್ಚರಿಕೆ ಗೂಢಚಾರರೂ ಮೆಚ್ಚುವಂಥದ್ದು. ಎಂದೂ ಬಳಸದ ಅಕ್ಷರಶೈಲಿ ಆರಿಸಿದರು. ಕಾಗದವನ್ನು ಹೊರಗಿನ ಅಂಗಡಿಯಿಂದ ತಂದರು. ವಿಳಾಸವನ್ನು ಎಡಗೈಯಲ್ಲಿ ಬರೆದರು. ಮೂರು ಬೀದಿ ಬಿಟ್ಟು ನಾಲ್ಕನೆಯ ಬೀದಿಯ ಅಂಚೆ ಡಬ್ಬಿಗೆ ಹಾಕಿ ಬಂದರು. ಎಲ್ಲಕ್ಕಿಂತ ಮಿಗಿಲಾಗಿ, ಏಳನೆಯ ದೂರನ್ನು ತಮ್ಮ ಮೇಲೆ ತಾವೇ ಹಾಕಿಕೊಂಡರು: ಇಲ್ಲಿನ ಟೈಪಿಸ್ಟ್ ಶುದ್ಧ ಸೋಮಾರಿ, ಮಧ್ಯಾಹ್ನ ಎರಡು ಗಂಟೆಯ ಮೇಲೆ ಕಣ್ಣು ಬಿಟ್ಟುಕೊಂಡೇ ನಿದ್ದೆ ಹೊಡೆಯುತ್ತಾನೆ.

ಹತ್ತು ದಿನ ಕಳೆದ ಮೇಲೆ, ಒಂದು ಸೋಮವಾರ, ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡು ಬಂದು ಬಾಣಪ್ಪನವರ ಮೇಜಿನ ಮೇಲೆ ಕಾಗದವೊಂದನ್ನು ಎಸೆದು, ಇದನ್ನು ಯಾವನೋ ಅಮ್ಮಾವ್ರಿಗೆ ಬರೆದಿದ್ದಾನೆ, ಎರಡು ಪ್ರತಿ ತೆಗೆಯಿರಿ ಎಂದರು. ಶುಕ್ರವಾರ ಅಮ್ಮಾವ್ರು ಖುದ್ದಾಗಿ ಬರುವರಂತೆ. ಎಲ್ಲ ಹದಿನೇಳು ನೌಕರರೂ ತಂತಮ್ಮ ವಿಭಾಗದ ಸಾಮಾನಿನ ಪಟ್ಟಿಯನ್ನು ತಾವೇ ತಯಾರಿಸಿ ಅವರ ಮುಂದಿಡಬೇಕಂತೆ. ಕಾಗದದ ಜೊತೆ ಹೋಲಿಸಿ ನೋಡಿ ಬರೆದವನನ್ನು ಹಿಡಿಯುವರಂತೆ. ಸಿಕ್ಕಿಬಿದ್ದವನನ್ನು ನೆಲಮಾಳಿಗೆಗೆ, ಸ್ಟೋರ್‌ಕೀಪರ್ ಕೈಕೆಳಗೆ, ಕೊಡೆಯ ಕಡ್ಡಿ ಎಣಿಸಲು ಹಾಕುವುದೆಂದು ಮ್ಯಾನೇಜರ್ ಆಗಲೇ ಒಪ್ಪಿಗೆ ಪಡೆದಿದ್ದರು.

“ಏಳನೇದು ನೋಡಿ, ನಿಮ್ಮನ್ನೂ ಬಿಟ್ಟಿಲ್ಲ,” ಎಂದು ಅವರು ಸಮಾಧಾನ ಹೇಳಿದರು. “ಮನಸ್ಸಿಗೆ ಹಚ್ಕೋಬೇಡಿ. ಕಾಗದದಲ್ಲಿ ನಿಜ ಇರೋದು ಅದೊಂದೇ.”

ಬಾಣಪ್ಪನವರು ಕಾಗದ ನೋಡಿದರು. ಎಡ ಅಂಚಿನಲ್ಲಿ ಒಂದರ ಕೆಳಗೊಂದು, ಸೈನಿಕರಂತೆ ಎದೆ ಸೆಟೆಸಿಕೊಂಡು, ಹನ್ನೊಂದು ಬಾಣಗಳು ನಿಂತಿದ್ದವು. ಬುದ್ಧಿ ಹಾಕಿದ್ದಲ್ಲ, ಕೈ ತಾನೇ ಹಾಕಿದ್ದು. ಮ್ಯಾನೇಜರಿಗೆ ಮಾತ್ರ ಏನೂ ಹೊಳೆದಿರಲಿಲ್ಲ. ಇಪ್ಪತ್ತೆರಡು ವರ್ಷ ಬಾಣದ ಪಟ್ಟಿಗಳನ್ನೇ ನೋಡಿ ನೋಡಿ, ಪಟ್ಟಿಗೆ ಬಾಣ ಮೂಗಿಗೆ ಎರಡು ಹೊಳ್ಳೆ ಇದ್ದ ಹಾಗೆ ಹುಟ್ಟಿನಿಂದಲೇ ಬರುತ್ತದೆಂದು ಅವರು ನಂಬಿದ್ದರು. ಅಮ್ಮಾವ್ರ ಮಾತು ಬೇರೆ. ಕಾರ್ಖಾನೆಯಿಂದ ಅವರಿಗೆ ಹೋಗುತ್ತಿದ್ದುದೆಲ್ಲ ಮ್ಯಾನೇಜರ್ ಕೈಬರಹದ ವರದಿ. ಬಾಣ ಅವರಿಗೆ ಹೊಸದು. ಬಂದು ನಿಂತ ಕೂಡಲೇ ಕಣ್ಣಿಗೆ ಬೀಳುವುದು ಖಂಡಿತ.

ಸಂಜೆ ಅವರು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಆಕೆ ಸೌಟನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಕಳ್ಳತನಕ್ಕೆ ಹೋದೋರು ಬಾಗಿಲ ಮೇಲೆ ರುಜು ಹಾಕಿ ಬರ್ತಾರೇನ್ರೀ?”

“ಕೈ ಅಭ್ಯಾಸ ಕಣೇ. ನನಗೆ ಗೊತ್ತೇ ಆಗ್ಲಿಲ್ಲ.”

ಶುಕ್ರವಾರದ ಪಟ್ಟಿಗೆ ಚುಕ್ಕೆ ಇಟ್ಟುಬಿಡಿ, ಮುಗಿಯಿತು ಎಂದರು ಆಕೆ. ಗೋಡೆಗೋಡೆಯಲ್ಲೂ ತಮ್ಮ ಬಾಣಗಳು ನೇತಾಡುತ್ತಿರುವಾಗ ತಾವೊಬ್ಬರೇ ಚುಕ್ಕೆ ಇಟ್ಟರೆ ಕುರುಡನಿಗೂ ಗೊತ್ತಾಗುತ್ತದೆ ಎಂದರು ಇವರು. ಆಕೆ ಮತ್ತೆ ಸೌಟು ಹಿಡಿದು ಸಾರು ತಿರುವಿದರು.

“ಹಾಗಾದ್ರೆ ಎಲ್ಲರ ಕೈಲೂ ಹಾಕಿಸಿ. ಹದಿನೇಳು ಜನರ ಪಟ್ಟೀಲೂ ಬಾಣ ಇದ್ರೆ ಅಮ್ಮಾವ್ರು ಯಾರನ್ನ ಅಂತ ಹಿಡೀತಾರೆ?”

ಇದಕ್ಕಿಂತ ಕಡ್ಡಿ ಎಣಿಸುವುದೇ ವಾಸಿ ಎಂದು ಬಾಣಪ್ಪನವರಿಗೆ ಒಂದು ಕ್ಷಣ ಅನ್ನಿಸಿತು. ಇಪ್ಪತ್ತೆರಡು ವರ್ಷ ಎದೆಗವಚಿಕೊಂಡ ವಿದ್ಯೆಯನ್ನು ಬೀದಿಗೆ ಚೆಲ್ಲುವುದೆ? ಆದರೆ ಆ ಕುರ್ಚಿ! ಅವರ ಬೆನ್ನಿನ ಆಕಾರಕ್ಕೇ ಬಗ್ಗಿದ್ದ ಕುರ್ಚಿ. ಎಡಗೈಗೆ ಕಿಟಕಿಯ ಬೆಳಕು, ಬಲಗೈಗೆ ಬಾಣ. ಅದನ್ನು ಬಿಟ್ಟು ಕತ್ತಲ ನೆಲಮಾಳಿಗೆಗೆ, ಅದೂ ಆ ಸ್ಟೋರ್‌ಕೀಪರ್ ಕೈಕೆಳಗೆ ಹೋಗಿ ನಿಲ್ಲುವುದೆ?

ಮಂಗಳವಾರ ಬೆಳಿಗ್ಗೆ ಅವರು ಮೆಟ್ಟಿಲಿಳಿದು ಸ್ಟೋರಿಗೆ ಹೋದರು. ಅಂದು ಏನೂ ಕೇಳದಿದ್ದ ಸ್ಟೋರ್‌ಕೀಪರನಿಗೆ, ಬಾ, ಬಾಣ ಹಾಕುವುದನ್ನು ಹೇಳಿಕೊಡುತ್ತೇನೆ ಎಂದರು. ಅವನು ಕಡ್ಡಿಗಳ ಕಟ್ಟನ್ನು ಕೆಳಗಿಟ್ಟು ಇವರ ಮುಖವನ್ನು ದೀಪದ ಕಡೆಗೆ ತಿರುಗಿಸಿ ನೋಡಿದ.

“ಯಾಕ್ರೀ ಇದ್ದಕ್ಕಿದ್ದಂತೆ? ಡಾಕ್ಟ್ರು ಏನಾದ್ರೂ ಹೇಳಿದ್ರಾ?”

“ಹಾಗೇನಿಲ್ಲಪ್ಪ. ವಿದ್ಯೆ ನಮ್ಮ ಜೊತೆಗೇ ಹೋಗ್ಬಾರ್ದು ನೋಡು.”

ಅಷ್ಟು ಸಾಕಾಯಿತು. ಸ್ಟೋರ್‌ಕೀಪರನ ಕಣ್ಣು ತೇವವಾಯಿತು. ಏಳನೆಯ ಸಾಲು, ನಾಲ್ಕನೆಯ ಮನೆ ಎಂಬ ಮಂತ್ರವನ್ನು ಅವನು ತಲೆಬಾಗಿ ಸ್ವೀಕರಿಸಿದ. ಹತ್ತೂವರೆಯ ಚಹಾ ಮುಗಿಯುವ ಹೊತ್ತಿಗೆ, ಬಾಣಪ್ಪನವರಿಗೆ ಏನೋ ದೊಡ್ಡ ಕಾಯಿಲೆಯಂತೆ, ಹೋಗುವ ಮೊದಲು ಎಲ್ಲರಿಗೂ ಬಾಣ ಕೊಟ್ಟು ಹೋಗುವ ಆಸೆಯಂತೆ ಎಂಬ ಸುದ್ದಿ ಗೇಟಿನವರೆಗೂ ಮುಟ್ಟಿತ್ತು. ಆಮೇಲೆ ಅವರು ಯಾರನ್ನೂ ಒತ್ತಾಯಿಸಬೇಕಾಗಲಿಲ್ಲ. ಜನ ತಾವಾಗಿಯೇ ಬಂದರು. ಸಾಯುವವರ ಕೊನೆಯ ಆಸೆಗೆ ಒಲ್ಲೆ ಎನ್ನುವವರು ಯಾರು? ಕ್ಯಾಷಿಯರ್ ಕಲಿತ. ಹೊಲಿಗೆ ವಿಭಾಗದ ಹೆಂಗಸರು ನಾಲ್ವರೂ ಒಟ್ಟಿಗೆ ಕಲಿತು ಮೂಗೊರೆಸಿಕೊಂಡು ಹೋದರು. ಕಂಪ್ಯೂಟರೇ ಇಲ್ಲದ ಗೇಟಿನ ಅಜ್ಜ ಸುಣ್ಣದ ಕಡ್ಡಿಯಲ್ಲಿ ಬಾಣ ಬರೆಯುವುದನ್ನು ಅಭ್ಯಾಸ ಮಾಡಿ ಅರ್ಧ ಕಾಂಪೌಂಡ್ ಗೋಡೆಯನ್ನು ತುಂಬಿಸಿದ. ಕ್ಯಾಂಟೀನಿನ ಅಕ್ಕ ಬೋರ್ಡಿನ ಮೇಲೆ ಚಹಾಕ್ಕೊಂದು ಬಾಣ, ಬನ್ನಿಗೊಂದು ಬಾಣ ಇಟ್ಟು, ಬಾಣಪ್ಪನವರಿಗೆ ದಿನಕ್ಕೆರಡು ಲೋಟ ಬಿಸಿ ಹಾಲು ಪುಕ್ಕಟೆ ಕೊಡತೊಡಗಿದರು. ಮ್ಯಾನೇಜರ್ ಕೂಡ ಬುಧವಾರ ಅವರ ಹೆಗಲ ಮೇಲೆ ಕೈಯಿಟ್ಟು, ಏಳನೆಯ ದೂರು ಅಷ್ಟೇನೂ ನಿಜವಲ್ಲ ಬಿಡಿ ಎಂದರು.

ಬಾಣಪ್ಪನವರಿಗೆ ಸಂಕಟವಾದದ್ದು ಬೇರೆ ಕಾರಣಕ್ಕೆ. ಎಲ್ಲಿ ನೋಡಿದರೂ ಬಾಣ, ಆದರೆ ಎಂಥ ಬಾಣ! ಒಬ್ಬ ಬಾಣವನ್ನು ಅಕ್ಷರಕ್ಕೆ ಅಂಟಿಸಿಬಿಡುತ್ತಿದ್ದ, ಇನ್ನೊಬ್ಬ ಅದಕ್ಕೂ ಅಕ್ಷರಕ್ಕೂ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಡುತ್ತಿದ್ದ. ಒಬ್ಬಾಕೆ ಬಾಣಕ್ಕೆ ಗುಲಾಬಿ ಬಣ್ಣ ಬಳಿದಿದ್ದಳು. ಅವರು ನೋಡಿ ನೋಡಿ ನಿಟ್ಟುಸಿರುಬಿಟ್ಟರು; ಅದನ್ನು ಕಂಡವರು ಕಾಯಿಲೆ ಹೆಚ್ಚಿತೆಂದುಕೊಂಡರು.

ಶುಕ್ರವಾರ ಅಮ್ಮಾವ್ರು ಬಂದರು. ಗುಬ್ಬಿಯಷ್ಟೇ ಗಾತ್ರ, ಕೈಯಲ್ಲಿ ತಮ್ಮದೇ ಕಾರ್ಖಾನೆಯ ಹಳೆಯ ಕೊಡೆ, ಚೀಲದಲ್ಲಿ ಭೂತಗನ್ನಡಿ. ಮೊದಲು ಗೇಟಿನ ಗೋಡೆ ನೋಡಿದರು, ಆಮೇಲೆ ಕ್ಯಾಂಟೀನಿನ ಬೋರ್ಡು. ಒಳಗೆ ಬಂದು ಬಾಣಪ್ಪನವರ ಮೇಜಿನ ಮುಂದೆ ಕೂತು, ಹದಿನೇಳು ಪಟ್ಟಿಗಳನ್ನು ಒಂದೊಂದಾಗಿ ತಿರುವಿದರು. ಹದಿನೇಳರಲ್ಲೂ ಬಾಣ. ನೌಕರರು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ಬಾಣಪ್ಪನವರಿಗೊಬ್ಬರಿಗೆ, ಆರೋಗ್ಯದ ದೃಷ್ಟಿಯಿಂದ, ಕುರ್ಚಿ ಹಾಕಿಸಿದ್ದರು.

“ಏನ್ರಪ್ಪಾ, ಎಲ್ಲರೂ ಸೇರಿ ಬರೆದ್ರಾ?” ಎಂದರು ಅಮ್ಮಾವ್ರು.

ಆಕೆ ಭೂತಗನ್ನಡಿಯನ್ನು ಚೀಲಕ್ಕೆ ಹಾಕಿ, ಬರೆದವನು ಸಿಗುವ ಹಾಗಿಲ್ಲ, ಹೋಗಲಿ ಬಿಡಿ ಎಂದು ಎದ್ದರು. ಬಾಣಪ್ಪನವರ ಎದೆಯೊಳಗೆ ನಾಲ್ಕು ದಿನದಿಂದ ಬಿಗಿದಿದ್ದ ಹೆದೆ ಸಡಿಲವಾಯಿತು. ಗೆದ್ದೆ! ಕುರ್ಚಿ ಉಳಿಯಿತು!

ಅಷ್ಟರಲ್ಲಿ ಅಮ್ಮಾವ್ರು ಬಾಗಿಲ ಬಳಿ ನಿಂತು ತಿರುಗಿದರು.

“ಒಂದು ಮಾತು. ನನ್ನ ಮೇಜಿಗೆ ದಿನಾ ಹತ್ತು ಕಾಗದ ಬರ್ತವೆ. ಮೂರನೇ ಸಾಲಿಗೆ ಕನ್ನಡಕ ತೆಗೆದಿಡ್ತೀನಿ. ಇದೊಂದನ್ನ ಕೊನೇವರೆಗೂ ಓದಿದೆ. ಈ ಬಾಣ ಕಣ್ಣನ್ನ ಕೈಹಿಡಿದು ಕರ್ಕೊಂಡು ಹೋಗುತ್ತೆ. ಇದನ್ನ ಈ ಆಫೀಸಲ್ಲಿ ಮೊದಲು ಶುರು ಮಾಡಿದ್ದು ಯಾರು?”

ಇಪ್ಪತ್ತೆರಡು ವರ್ಷ ಬಾಣಪ್ಪನವರು ಕಾದಿದ್ದ ಪ್ರಶ್ನೆ ಇದು. ಕನಸಿನಲ್ಲಿ ಅವರು ಇದಕ್ಕೆ ಎಷ್ಟೋ ಬಗೆಯಲ್ಲಿ ಉತ್ತರ ಹೇಳಿದ್ದರು, ಒಮ್ಮೆ ಹಾರ ಹಾಕಿಸಿಕೊಂಡೂ ಹೇಳಿದ್ದರು. ಈಗ ಅವರು ನಾಲಗೆ ಕಚ್ಚಿಕೊಂಡು ನೆಲ ನೋಡಿದರು. ಉಳಿದವರು ಕನಿಕರದಿಂದ ಅವರತ್ತ ನೋಡಿದರು, ಆದರೆ ರೋಗಿಗೆ ಆಯಾಸ ಮಾಡಿಸಬಾರದೆಂದು ಸುಮ್ಮನಿದ್ದರು. ಸ್ಟೋರ್‌ಕೀಪರ್ ಮಾತ್ರ ಅಂಗಿ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

“ನಾನೇ ಅಮ್ಮಾ.”

ಅಷ್ಟಕ್ಕೇ ನಿಲ್ಲಿಸಿದ್ದರೆ ಬಾಣಪ್ಪನವರು ತಡೆದುಕೊಳ್ಳುತ್ತಿದ್ದರೋ ಏನೋ. ಹೊಗಳಿಕೆಯ ರುಚಿ ಹತ್ತಿದ ಸ್ಟೋರ್‌ಕೀಪರ್ ಇನ್ನೂ ಮುಂದುವರಿದು, ಒಂದು ದಿನ ಕೊಡೆಯ ತುದಿಯನ್ನೇ ನೋಡುತ್ತಾ ಕೂತಿದ್ದಾಗ ತನಗೆ ಇದು ಹೊಳೆಯಿತೆಂದೂ, ಆಫೀಸಿನವರಿಗೆಲ್ಲ ತಾನೇ ತಾಳ್ಮೆಯಿಂದ ಕಲಿಸಿದೆನೆಂದೂ, ಕೆಲವರು ವಯಸ್ಸಾದವರಾದ್ದರಿಂದ ಸ್ವಲ್ಪ ತಡವಾಯಿತೆಂದೂ ಹೇಳಿ, ಬಾಣಪ್ಪನವರ ಕಡೆ ತಿರುಗಿ ಮುಗುಳ್ನಕ್ಕ.

ಸುಮ್ಮನಿದ್ದರೆ ಎಲ್ಲ ಸುಖ. ಕಾಗದದ ಅಪವಾದವೂ ಬಾಣದ ಜೊತೆಗೇ ಅವನ ತಲೆಗೆ ಕಟ್ಟಿಕೊಳ್ಳುವುದು. ಹಾಗೆ ತಪ್ಪಿಲ್ಲದವನು ಸಿಕ್ಕಿಬೀಳುವುದು ಸರಿಯೇ ಎಂದು ಆತ್ಮಸಾಕ್ಷಿ ಚುಚ್ಚಿತೆಂದು ಬಾಣಪ್ಪನವರು ಆಮೇಲೆ ಹೆಂಡತಿಗೆ ಹೇಳಿದ್ದುಂಟು. ಆತ್ಮಸಾಕ್ಷಿಯೂ ಅಲ್ಲಿ ಹಾಜರಿತ್ತೆಂದೇ ಇಟ್ಟುಕೊಳ್ಳೋಣ. ಆದರೆ ಕುರ್ಚಿಯಿಂದ ಅವರನ್ನು ಎತ್ತಿ ನಿಲ್ಲಿಸಿದ್ದು ಅದಲ್ಲ.

“ಸುಳ್ಳು,” ಎಂದರು ಬಾಣಪ್ಪನವರು. ಮರಣಶಯ್ಯೆಯ ದನಿಯಾಗಿರಲಿಲ್ಲ ಅದು. “ಅಮ್ಮಾ, ಇವನ ಪಟ್ಟೀಲಿ ಎರಡನೇ ಸಾಲು ನೋಡಿ.”

ಅಮ್ಮಾವ್ರು ಹಿಂದಿರುಗಿ ಬಂದು ಮತ್ತೆ ಭೂತಗನ್ನಡಿ ತೆಗೆದರು. ಬಾಣಪ್ಪನವರು ಅವರ ಪಕ್ಕಕ್ಕೇ ಹೋಗಿ ಬೆರಳಿಟ್ಟು ತೋರಿಸಿದರು. ಮಾತು ಉದ್ದವಾಗಿ ಎರಡನೆಯ ಸಾಲಿಗೆ ಇಳಿದಾಗ ಸ್ಟೋರ್‌ಕೀಪರನ ಸಾಲು ಹಿಂದಕ್ಕೋಡಿ ಬಾಣದ ಕಾಲಡಿಯಲ್ಲಿ ತೂರಿಕೊಂಡಿತ್ತು.

“ಎರಡನೇ ಸಾಲು ಮೊದಲನೇ ಸಾಲಿನ ಅಕ್ಷರದ ಕೆಳಗೆ ನಿಲ್ಬೇಕಮ್ಮಾ. ಬಾಣದ ಕೆಳಗೆ ಜಾಗ ಖಾಲಿ ಇರ್ಬೇಕು. ಇಲ್ದಿದ್ರೆ ಅದು ಬಾಣ ಅಲ್ಲ, ಗೂಟ. ಇದನ್ನ ನಾನು ಯಾರಿಗೂ ಹೇಳ್ಕೊಟ್ಟಿಲ್ಲ.”

ಅಮ್ಮಾವ್ರು ಒಂದೊಂದೇ ಪಟ್ಟಿ ನೋಡುತ್ತಾ ಹೋದರು. ಹದಿನಾರರಲ್ಲಿ ಗೂಟ. ಹದಿನೇಳನೆಯದು ಬಾಣಪ್ಪನವರದು, ಅದರಲ್ಲಿ ಬಾಣದ ಕೆಳಗೆ ಬೆಳ್ಳಗೆ, ನಿರ್ಮಲವಾಗಿ ಜಾಗ ಖಾಲಿ. ಆಮೇಲೆ ಅವರು ಹೆಸರಿಲ್ಲದ ಕಾಗದವನ್ನು ಅದರ ಪಕ್ಕಕ್ಕಿಟ್ಟರು. ಹನ್ನೊಂದು ಬಾಣಗಳ ಕೆಳಗೂ ಹಾಗೆಯೇ ಖಾಲಿ ಇತ್ತು.

ಸೂರಿನ ಹನಿಯೊಂದು ಅಮ್ಮಾವ್ರ ಭೂತಗನ್ನಡಿಯ ಮೇಲೆ ಬಿತ್ತು.

“ಬಾಣ ನಿಂದು,” ಎಂದರು ಅಮ್ಮಾವ್ರು. “ಹಾಗಾದ್ರೆ ಕಾಗದ?”

ಬಾಣಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. “ಅದೂ ನಂದೇ ಅಮ್ಮಾ.”

ಮ್ಯಾನೇಜರ್ ಕುಸಿದು, ರೋಗಿಗೆಂದು ಹಾಕಿಸಿದ್ದ ಕುರ್ಚಿಯಲ್ಲಿ ಕೂತರು. ಕ್ಯಾಂಟೀನಿನ ಅಕ್ಕನಿಗೆ ಚಿಂತೆ ಬೇರೆಯೇ ಇತ್ತು.

“ಅಂದ್ರೆ ನೀವು ಸಾಯಲ್ವಾ?” ಎಂದು ಅವರು ಸೊಂಟದ ಮೇಲೆ ಕೈಯಿಟ್ಟು ಕೇಳಿದರು. ಸದ್ಯಕ್ಕೆ ಅಂಥ ಯೋಚನೆ ಇಲ್ಲವೆಂದು ಬಾಣಪ್ಪನವರು ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು. ಎಂಟು ಲೋಟ ಹಾಲು ಎಂದು ಅಕ್ಕ ಗೋಡೆಗೆ ಹೇಳಿದರು.

ಅಮ್ಮಾವ್ರು ತೀರ್ಪು ಕೊಡಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಸೂರು ಸೋಮವಾರದೊಳಗೆ ದುರಸ್ತಿಯಾಗಬೇಕು, ಪಾಯಿಖಾನೆಯ ಬೀಗ ಈಗಲೇ ತೆಗೆಯಬೇಕು ಎಂದು ಮ್ಯಾನೇಜರಿಗೆ ಹೇಳಿದರು. ಕಾಗದ ಬರೆದವನು ನೆಲಮಾಳಿಗೆಗೆ ಎಂದು ತಾವು ಒಪ್ಪಿದ ಮಾತು ಒಪ್ಪಿದ್ದೇ ಎಂದರು. ಆಮೇಲೆ ಸ್ಟೋರ್‌ಕೀಪರನತ್ತ ತಿರುಗಿದರು. ಅವನು ಬಾಗಿಲು ಎಷ್ಟು ದೂರವಿದೆ ಎಂದು ಅಳೆಯುತ್ತಿದ್ದ.

“ಬಾಣ ನಂದು ಅಂದ್ಯಲ್ಲಪ್ಪಾ. ಇನ್ಮೇಲೆ ಮೇಲೇ ಕೂತ್ಕೊಂಡು ಹಾಕು. ತಿಂಗಳಿಗೊಂದು ವರದಿ ನನಗೆ ಬರ್ಬೇಕು, ಹೀಗೇ ಇರ್ಬೇಕು. ಎರಡನೇ ಸಾಲು ಹಿಂದಕ್ಕೆ ಓಡಿದ್ರೆ ಕಾಗದ ವಾಪಸ್ಸು.”

ಹೀಗೆ ಸೋಮವಾರದಿಂದ ಸ್ಟೋರ್‌ಕೀಪರ್ ಮೇಲೆ, ಬಾಣಪ್ಪನವರು ಕೆಳಗೆ. ಕುರ್ಚಿ ಹೊಸಬನ ಬೆನ್ನಿಗೆ ಒಗ್ಗದೆ ಕೂತಾಗಲೆಲ್ಲ ಕಿರುಗುಟ್ಟಿತು. ಬಾಣಪ್ಪನವರು ಮೊದಲ ದಿನ ಮನೆಗೆ ಬಂದು ಊಟ ಮಾಡದೆ ಮಲಗಿದರು. ಎರಡನೆಯ ದಿನ, ಕಡ್ಡಿ ಎಣಿಸಲು ನೆಲಮಾಳಿಗೆ ಅಷ್ಟೇನೂ ಕತ್ತಲಿಲ್ಲ ಎಂದರು. ಮೂರನೆಯ ದಿನ ಅಲ್ಲಿ ನೆತ್ತಿಯ ಮೇಲೆ ಏನೂ ಬೀಳುವುದಿಲ್ಲ ಎಂದರು. ಹೆಂಡತಿ, ನನಗೇನೂ ಹೇಳಬೇಡಿ, ಇನ್ನು ಮುಂದೆ ಸಿಟ್ಟು ಬಂದರೆ ಮನೆಗೆ ಬಂದು ಬೈಯಿರಿ, ಬರೆಯಬೇಡಿ ಎಂದಷ್ಟೇ ಹೇಳಿ ಅನ್ನ ಬಡಿಸಿದರು.

ನಾಲ್ಕನೆಯ ದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಹಳೆಯ ಸ್ಟೋರ್‌ಕೀಪರ್, ಈಗಿನ ಹೊಸ ಟೈಪಿಸ್ಟ್, ಬಂದಿದ್ದ. ಕಣ್ಣು ಕೆಂಪಗೆ, ಕೂದಲು ಕೆದರಿ, ಕೈಯಲ್ಲಿ ಅಮ್ಮಾವ್ರಿಗೆ ಹೋಗಬೇಕಾದ ವರದಿ. ಎರಡನೆಯ ಸಾಲನ್ನು ಬೆಳಗಿನಿಂದ ಮುಂದಕ್ಕೆ ತಳ್ಳುತ್ತಿದ್ದಾನೆ, ಅದು ಹಿಂದಕ್ಕೇ ಓಡುತ್ತಿದೆ; ಒಂದನ್ನು ತಳ್ಳಿದರೆ ಮೂರನೆಯ ಸಾಲು ಕಾಗದದ ಆಚೆಗೇ ಹೋಗುತ್ತಿದೆ. ಕಾಗದವನ್ನು ಮುಂದೆ ಹಿಡಿದು ನಿಂತ.

ಬಾಣಪ್ಪನವರು ಅದರ ಮೇಲೊಮ್ಮೆ ಕಣ್ಣಾಡಿಸಿ, ಕಡ್ಡಿಗಳ ದೊಡ್ಡ ಕಟ್ಟೊಂದನ್ನು ಬಿಚ್ಚಿ ಮಡಿಲಿಗೆ ಎಳೆದುಕೊಂಡರು.

“ಕೂತ್ಕೋಪ್ಪ,” ಎಂದರು. “ಇದೊಂದು ಕಟ್ಟು ಮುಗಿದುಬಿಡ್ಲಿ.”

ಕಟ್ಟಿನಲ್ಲಿ ಸಾವಿರದ ಇನ್ನೂರು ಕಡ್ಡಿಗಳಿದ್ದವು. ಅವರು ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ, ಮೆಲ್ಲಗೆ ಪಕ್ಕಕ್ಕಿಟ್ಟು, “ಒಂದು” ಎಂದರು.